ಟೈಲರಜ್ಜನ ಪ್ಯಾಂಟು

ಎಂಬತ್ತರ ಹೊಸ್ತಿಲಲ್ಲಿದ್ದ ಟೈಲರಜ್ಜ ಬೇರೆಯವರ ಬಟ್ಟೆಯಲ್ಲೇ ಒಂದು ಸುಕ್ಕು ಸಹಿಸಿದವನಲ್ಲ, ತನ್ನದರಲ್ಲಂತೂ ಕೇಳಲೇಬೇಡಿ. ಅವನ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಾಗ ಡಾಕ್ಟರು ಅಪ್ಪ, ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಗಡ್ಡೆ ತೆಗೀಬಹುದಮ್ಮ. ಈ ವಯಸ್ಸಲ್ಲಿ ಕಷ್ಟ ಇರೋದು ಆಮೇಲೆ. ಮೈಯಲ್ಲಿ ಕಸುವಿಲ್ದಿದ್ರೆ ಕರುಳಿಗೆ ಹಾಕಿದ ಹೊಲಿಗೆ ಕೂಡಿಕೊಳ್ಳಲ್ಲ. ಈಚೆಗೆ ಮೈ ಇಳಿದಿದೆಯಾ?"

"ಇಲ್ಲ ಸಾರ್. ಹಳೇ ಪ್ಯಾಂಟು ಇವತ್ತಿಗೂ ಸರಿಯಾಗಿ ಕೂರುತ್ತೆ," ಎಂದಳು ಮಗಳು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ.

ಆಪರೇಷನ್ ದಿನ ಅವನು ಆಸ್ಪತ್ರೆಯ ನಿಲುವಂಗಿ ತೊಟ್ಟು ಪ್ಯಾಂಟನ್ನು ಅವಳ ಕೈಗಿತ್ತ. "ಇಸ್ತ್ರಿ ಕೆಡಿಸಬೇಡ ಕಣೆ. ವಾಪಸ್ ಹೋಗುವಾಗ ಹಾಕ್ಕೋಬೇಕು."

ಸ್ಟ್ರೆಚರ್ ಒಳಗೆ ಹೋದ ಮೇಲೆ ಮಡಚಲೆಂದು ಅವಳು ಪ್ಯಾಂಟನ್ನು ತಿರುಗಿಸಿದಳು. ಸೊಂಟದ ಒಳಗೆ ಒಂದರ ಪಕ್ಕ ಒಂದು ಹೊಸ ಹೊಲಿಗೆ. ಒಳಕ್ಕೆ ಹಿಡಿದಿದ್ದ ಬಟ್ಟೆ ಅಂಗೈ ಅಗಲವಿತ್ತು. ಮೈ ಇಳಿದಾಗಲೆಲ್ಲ ಅಪ್ಪ ಮನೆಯವರಿಗೆ ಗೊತ್ತಾಗದಂತೆ ಬಿಗಿ ಮಾಡಿಕೊಂಡಿದ್ದ.

ಅವಳು ಓಡಿಹೋಗಿ ಬಾಗಿಲು ಬಡಿದಳು. ನರ್ಸ್ ತಲೆ ಹೊರಹಾಕಿದಳು. "ಶುರುವಾಗಿದೆಯಮ್ಮ, ಕೂತ್ಕೊಳ್ಳಿ."

ವಾರ ತುಂಬುವುದರೊಳಗೆ ಕರುಳಿನ ಹೊಲಿಗೆ ಬಿಟ್ಟಿತು, ಅಪ್ಪ ಉಳಿಯಲಿಲ್ಲ. ಮನೆಗೆ ಒಯ್ಯುವ ಮೊದಲು ಮಗಳು ಅವನಿಗೆ ಅದೇ ಪ್ಯಾಂಟು ತೊಡಿಸಿದಳು. ಇಸ್ತ್ರಿ ಕೆಟ್ಟಿರಲಿಲ್ಲ. ಅಷ್ಟು ಬಿಗಿ ಮಾಡಿದ್ದರೂ ಸೊಂಟ ಮಾತ್ರ ಈಗ ಸಡಿಲವಾಗಿತ್ತು.