ಅಕ್ಕ ಉಜ್ಜಿದ ಅಂಚು

ನಮ್ಮ ಭಾವನಿಗೆ ಜನ ಇಟ್ಟ ಹೆಸರು ಅಂಚಿನ ಮೇಸ್ತ್ರಿ. ಹಳೆಯ ಮನೆಯನ್ನು ಹೊಸದು ಮಾಡಿಸುವವರು ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಅಡುಗೆಕಟ್ಟೆಗೆ ಟೈಲ್ಸ್ ಯಾರು ಬೇಕಾದರೂ ಕೂರಿಸಿಯಾರು, ಆದರೆ ಮುಂದಿನ ಅಂಚು ಕೈ ಗೀರದ ಹಾಗೆ, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ದುಂಡಗಾಗಬೇಕಾದರೆ ಅವರೇ ಬೇಕಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಅಂಚನ್ನು ದುಂಡಗೆ ಮಾಡುವವಳು ನನ್ನ ಅಕ್ಕ.

ಭಾವ ಅಂಚಿಗೆ ಕೂರಿಸುವ ಟೈಲ್ಸ್ ಪಟ್ಟಿಗಳನ್ನು ಕತ್ತರಿಸಿ ಸಂಜೆ ಚೀಲದಲ್ಲಿ ಮನೆಗೆ ತರುತ್ತಾರೆ. ಅಕ್ಕ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ನೀರು ಬಿಟ್ಟುಕೊಂಡು, ಮೊದಲು ಒರಟು ಕಲ್ಲಿನಲ್ಲಿ, ಆಮೇಲೆ ನಯವಾದ ಕಲ್ಲಿನಲ್ಲಿ ಉಜ್ಜುತ್ತಾಳೆ. ನಯವಾಯಿತೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುತ್ತಾಳೆ. ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳಿಗೆ ಈಗ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಭಾವ ಅವನ್ನು ಒಯ್ದು ಅಂಟಿಸಿ ಶಹಬ್ಬಾಸ್ ಅನ್ನಿಸಿಕೊಂಡು ಬರುತ್ತಾರೆ.

"ನಿನ್ನ ಕೆಲ್ಸ ಅಂತ ಒಬ್ಬರ ಹತ್ರನಾದ್ರೂ ಹೇಳಿದಾರಾ?" ಎಂದು ನಾನು ಕೇಳಿದೆ.

"ಹೋಗ್ಲಿ ಬಿಡೇ."

"ಹೋಗ್ಲಿ ಬಿಡು ಅಂದು ಅಂದೇ ಅವರನ್ನ ತಲೆ ಮೇಲೆ ಕೂರಿಸ್ಕೊಂಡಿದೀಯ."

ಅಕ್ಕ ಕಲ್ಲು ಪಕ್ಕಕ್ಕಿಟ್ಟಳು. "ನನಗೆ ಬೇರೇನೂ ಬೇಡ ಕಣೇ. ಇದು ನನ್ನ ಹೆಂಡ್ತಿ ಮಾಡಿದ್ದು ಅಂತ ಇವರ ಬಾಯಲ್ಲಿ ಒಂದು ಸಲ ಬರ್ಬೇಕು. ಅದು ನನ್ನ ಕಿವಿಗೆ ಬೀಳ್ಬೇಕು. ಅಷ್ಟೇ."

ಅಷ್ಟೂ ಆಗದ ಗಂಡಸೇ ಇವರು? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮೊನ್ನೆ ಭಾವ ಒಂದು ಎಡವಟ್ಟು ಮಾಡಿಕೊಂಡರು. ಬೇಗ ಮುಗಿಸಿ ಎಂದು ಕೆಲಸ ನಡೆಯುತ್ತಿದ್ದ ಮನೆಯ ಯಜಮಾನತಿ ಬೆನ್ನು ಹತ್ತಿದ್ದರಿಂದ, ಉಜ್ಜದ ಪಟ್ಟಿಗಳನ್ನೇ ಕಟ್ಟೆಗೆ ಅಂಟಿಸಿಬಿಟ್ಟಿದ್ದರು. ಆಮೇಲೆ ಉಜ್ಜುವ ಮಿಷನ್ ಹಿಡಿದು ನೋಡಿದರೆ ಅಂಚು ಚೂರುಚೂರಾಗಿ ಏಳತೊಡಗಿತು. ಕಿತ್ತು ಮನೆಗೆ ತರುವ ಹಾಗಿಲ್ಲ. ಬೆವರು ಒರೆಸಿಕೊಳ್ಳುತ್ತ ಬಂದು ಅಕ್ಕನ ಮುಂದೆ ನಿಂತರು.

"ಆಯಮ್ಮ ಹೊರಗೆ ಹೋಗಿದಾರೆ. ಬೇಗ ಬಂದು ಉಜ್ಜಿ ಕೊಡು. ಯಾರಾದ್ರೂ ಕೇಳಿದ್ರೆ ಕಸ ಗುಡಿಸೋಕೆ ಬಂದಿದೀನಿ ಅನ್ನು."

ಕಸ ಗುಡಿಸೋಕಂತೆ! ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕ ಮಾತ್ರ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಜೊತೆಗೆ ಹೋದೆ.

ಅಕ್ಕ ಆ ಅಡುಗೆಮನೆಯಲ್ಲಿ ಮಂಡಿಯೂರಿ ಕೂತಳು. ನಾನು ಅಂಚಿಗೆ ನೀರು ಬಿಡುತ್ತ ಹೋದೆ. ಭಾವ ಬಾಗಿಲಲ್ಲಿ ಕಾವಲು. ಮೂಲೆಯೊಂದು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು, ಅಷ್ಟರಲ್ಲಿ ಭಾವ ಕೆಮ್ಮಿದರು. ಅಕ್ಕ ಕಲ್ಲನ್ನು ಸೆರಗಿನಡಿ ಸರಿಸುವುದರೊಳಗೆ ಯಜಮಾನತಿ ಬಂದೇಬಿಟ್ಟರು. ಕಟ್ಟೆಯ ಉದ್ದಕ್ಕೂ ಅಂಗೈ ಆಡಿಸಿದರು.

"ಮೇಸ್ತ್ರಿ, ನಿಮ್ಮ ಕೈಗುಣನೇ ಕೈಗುಣ ಬಿಡಿ."

"ಎಲ್ಲಾ ಅಭ್ಯಾಸ ಅಮ್ಮಾ" ಎಂದು ಭಾವ ಹಲ್ಲು ಕಿರಿದರು. ಆ ಹಲ್ಲು ಉದುರಿಸುವಷ್ಟು ಕೋಪ ಬಂತು ನನಗೆ.

ಯಜಮಾನತಿ ಅಕ್ಕನ ಕಡೆ ತಿರುಗಿ, "ಆ ಧೂಳೆಲ್ಲ ಗುಡಿಸಿಬಿಟ್ಟು ಹೋಗಮ್ಮ" ಎಂದರು. ಅಕ್ಕನ ಕೆನ್ನೆಯ ಮೇಲೆ ಬಿಳಿ ಕೆಸರು ಮೆತ್ತಿತ್ತು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ತಡೆದಳು. ಎದ್ದು, ಕಲ್ಲನ್ನು ಭಾವನ ಕೈಗಿತ್ತಳು.

"ಮೂಲೆ ಉಳಿದಿದೆ, ನೀವೇ ಮುಗಿಸಿ. ನಾನು ಗುಡಿಸೋಕೆ ಬಂದವಳು."

"ಹೌದೌದು, ಮುಗಿಸಿ. ನಾನೂ ನೋಡ್ತೀನಿ" ಎಂದು ಯಜಮಾನತಿ ಕುರ್ಚಿ ಎಳೆದುಕೊಂಡು ಕೂತರು.

ಅಕ್ಕ ಪೊರಕೆ ಹಿಡಿದು ಆಚೆ ಬದಿಯಿಂದ ಗುಡಿಸತೊಡಗಿದಳು. ಭಾವ ನೀರು ಬಿಟ್ಟುಕೊಳ್ಳದೆಯೇ ಕಲ್ಲನ್ನು ಅಂಚಿನ ಮೇಲೆ ಎಳೆದರು. ಕರ್ರ್ ಎಂದು ಸದ್ದಾಗಿ ಒಂದು ಚೂರು ಹಾರಿತು. ಅಕ್ಕನ ಪೊರಕೆ ನಿಂತಿತು, ಆದರೆ ಅವಳು ತಿರುಗಲಿಲ್ಲ. ಭಾವ ಅವಳ ಬೆನ್ನು ನೋಡಿದರು, ಯಜಮಾನತಿಯ ಮುಖ ನೋಡಿದರು, ಕಲ್ಲು ನೋಡಿದರು.

"ನನ್ನ ಕೈಲಿ ಆಗಲ್ಲ ಅಮ್ಮಾ," ಎಂದು ಗೊಣಗಿದರು. "ಇದು ನನ್ನ ಹೆಂಡ್ತಿ ಮಾಡಿದ್ದು. ಯಾವಾಗ್ಲೂ ಅವಳೇ ಮಾಡೋದು."

ಅಕ್ಕ ಬಗ್ಗಿಕೊಂಡೇ ಹೇಳಿದಳು, "ಪೊರಕೆ ಸದ್ದಿಗೆ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಪೊರಕೆ ಆಗಲೇ ನಿಂತಿತ್ತು. ಭಾವ ಇನ್ನೊಮ್ಮೆ ಹೇಳಿದರು, ಇಡೀ ಮನೆಗೆ ಕೇಳುವ ಹಾಗೆ. ಆಮೇಲೆಯೇ ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಕಲ್ಲಿಗಾಗಿ ಕೈ ಚಾಚಿದಳು.