ಅತ್ತೆಯ ಸೋಬಾನೆಗೆ ಬಂದ ನಡುಕ

ಆ ಮದುವೆಯ ಕಥೆಯನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆದ್ದರಿಂದ ಕಂಡಷ್ಟನ್ನು, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮದುವೆ ನನ್ನ ಅಕ್ಕನ ಮಗಳದು. ಗಂಡಿನವರು ಟಿ. ನರಸೀಪುರದವರು. ನಮ್ಮ ನಂಜನಗೂಡಿನ ಮನೆಯ ಮದುವೆಗಳಲ್ಲೆಲ್ಲ ಸೋಬಾನೆ ಹೇಳುವವರು ನನ್ನ ಸೋದರತ್ತೆ. ಅವರು ಒಂದು ಸೊಲ್ಲು ಹೇಳಿದರೆ ಹಿಂದೆ ಕೂತ ಹುಡುಗಿಯರು ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಅತ್ತೆ ಎಳೆದ ಕಡೆ ಎಳೆಯಬೇಕು, ನಿಲ್ಲಿಸಿದ ಕಡೆ ನಿಲ್ಲಿಸಬೇಕು. ಅದು ಪದ್ಧತಿ.

ಹುಡುಗಿಯರು ಮೈಸೂರಿಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರು. ಕೂತು ಕಲಿಯಲು ಪುರುಸೊತ್ತಿಲ್ಲ. ತಾಂಡ್ಯದ ಕಾರ್ಖಾನೆಯಲ್ಲಿರುವ ಭಾವ ಧ್ವನಿ ಹಿಡಿಯುವ ಅಗ್ಗದ ಡಬ್ಬಿಯೊಂದನ್ನು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅತ್ತೆಯ ಪದಗಳನ್ನು ರೆಕಾರ್ಡ್ ಮಾಡಿ ಎಲ್ಲರ ಫೋನಿಗೂ ಕಳಿಸಿದರು. ಬೀಗರಿಗೂ ಕಳಿಸಿದರು.

ಅದರಲ್ಲಿ ಅತ್ತೆಯ ದನಿ ನಡುಗುತ್ತಿತ್ತು. ಬೀಗರು ಬಹಳ ಮರ್ಯಾದೆಯಿಂದ, ವಯಸ್ಸಾದವರಿಗೆ ಯಾಕೆ ತೊಂದರೆ, ನಮ್ಮವರೇ ಹೇಳಲಿ ಎಂದರು. ಮನೆಯಲ್ಲಿ ಅತ್ತೆಗೆ ಶುಂಠಿ ಕಷಾಯ ಶುರುವಾಯಿತು. ಅತ್ತೆ ಲೋಟವನ್ನು ಪಕ್ಕಕ್ಕಿಟ್ಟರು.

"ಪದ ಏಳೋಳು ನಾನೇ. ಅಲ್ಲಿ ಒಂದ್ಸಲ ದನಿ ಅಲ್ಲಾಡುದ್ರೆ, ಇನ್ ಯಾವ ಮದ್ವೇಲೂ ಬಾಯಿ ಬುಡಕ್ಕಿಲ್ಲ."

ಭಾವನಿಗೆ ಅನುಮಾನ ಬಂದು, ಅದೇ ಡಬ್ಬಿಯಲ್ಲಿ ಕುಕ್ಕರಿನ ಸೀಟಿಯನ್ನು ರೆಕಾರ್ಡ್ ಮಾಡಿದರು. ಅದೂ ನಡುಗಿತು.

"ಕುಕ್ಕರ್‌ಗೂ ವಯಸ್ಸಾಯ್ತಾ ಅಳಿಯಂದ್ರೇ?" ಎಂದರು ಅತ್ತೆ. "ಅದ್ಕೂ ಒಂದ್ ಲೋಟ ಕಷಾಯ ಕೊಡಿ."

ಭಾವ ವಿವರಿಸಿದರು. ಡಬ್ಬಿ ಧ್ವನಿಯನ್ನು ಸಣ್ಣ ಸಣ್ಣ ಚೂರು ಮಾಡಿ ಅಂಕಿಗಳಾಗಿ ಬರೆದಿಡುತ್ತದೆ. ಚೂರುಗಳು ಸಮ ಅಂತರದಲ್ಲಿ ಬೀಳಬೇಕು. ಅದನ್ನು ನೋಡಿಕೊಳ್ಳುವ ಒಳಗಿನ ಗಡಿಯಾರ ಇದರಲ್ಲಿ ತಡವರಿಸುತ್ತಿತ್ತು, ಒಂದು ಚೂರು ಬೇಗ, ಒಂದು ತಡ. ನೇರವಾದ ದನಿ ಕೇಳುವಾಗ ಅಲುಗುತ್ತಿದ್ದದ್ದು ಅದಕ್ಕೆ. ಫೋನಿನಲ್ಲೇ ಹೊಸದಾಗಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದಾಗ ಬೀಗರು ಒಪ್ಪಿದರು. ನಾವೂ ಮುಗಿಯಿತೆಂದುಕೊಂಡೆವು.

ನರಸೀಪುರದ ಛತ್ರದಲ್ಲಿ ಅತ್ತೆ ಮೊದಲ ಸೊಲ್ಲು ಹೇಳಿದರು. ದನಿ ದಾರ ಎಳೆದ ಹಾಗೆ ನೆಟ್ಟಗಿತ್ತು. ಹಿಂದಿನಿಂದ ಹುಡುಗಿಯರು ತಿರುಗಿ ಹೇಳಿದರು. ಅಷ್ಟೂ ಜನ ಒಟ್ಟಿಗೆ ನಡುಗಿದರು, ಜಟಕಾ ಗಾಡಿಯಲ್ಲಿ ಕೂತು ಹಾಡಿದಂತೆ. ಫೋನಿಗೆ ಮೊದಲು ಬಂದ ರೆಕಾರ್ಡನ್ನೇ ಮೈಸೂರಿನ ಬಸ್ಸಿನಲ್ಲಿ ಕೇಳಿ ಕೇಳಿ, ನಡುಕದ ಸಮೇತ ಬಾಯಿಪಾಠ ಮಾಡಿಕೊಂಡಿದ್ದರು. ಹೊಸದನ್ನು ಯಾರೂ ತೆರೆದೇ ಇರಲಿಲ್ಲ.

ಗಂಡಿನ ಕಡೆಯ ಹುಡುಗರು ಕಿಸಕ್ಕೆಂದರು. ನಮ್ಮ ಹುಡುಗಿಯರು ತಲೆ ತಗ್ಗಿಸಿದರು, ಒಬ್ಬಳ ಕಣ್ಣು ತುಂಬಿತು. ಭಾವ ಅಡುಗೆಮನೆಯ ಕಡೆ ಹೋದದ್ದನ್ನು ನಾನು ನೋಡಿದೆ.

ಗಂಡಿನ ಅಜ್ಜಿ ಮುಂದಕ್ಕೆ ಬಾಗಿ ಕೇಳಿದರು: "ನಿಮ್ ಕಡೆ ಇಂಗೇ ಏಳಾದಾ ಕಣವ್ವಾ?"

ಅತ್ತೆ ಒಮ್ಮೆ ಹಿಂದಿರುಗಿ ಹುಡುಗಿಯರನ್ನು ನೋಡಿದರು.

"ಊಂ ಕಣವ್ವಾ. ಇಂಗೇಯ."

ಎರಡನೆಯ ಸೊಲ್ಲನ್ನು ಅತ್ತೆಯೇ ನಡುಗಿಸಿ ಹೇಳಿದರು. ಆ ಡಬ್ಬಿಗಿಂತ ಚೆನ್ನಾಗಿ ನಡುಗಿಸಿದರು. ಹುಡುಗಿಯರು ತಲೆಯೆತ್ತಿ ತಿರುಗಿ ಹೇಳಿದರು. ಬೀಗರ ಕಡೆಯ ಹೆಂಗಸರು ಮರ್ಯಾದೆಗೆಂದು ತಾವೂ ಸೇರಿಕೊಂಡು, ಆರತಿಯ ಹೊತ್ತಿಗೆ ಇಡೀ ಛತ್ರವೇ ನಡುಗುತ್ತಿತ್ತು.

ಊಟದ ಪಂಕ್ತಿಯಲ್ಲಿ ಆ ಅಜ್ಜಿ, ಮುಂದಿನ ಮದುವೆಗೂ ಬಂದು ಹೀಗೇ ಹೇಳಬೇಕೆಂದು ಅತ್ತೆಯ ಕೈ ಹಿಡಿದರು. ಅತ್ತೆ ಬತ್ತೀನಿ ಎಂದು, ನನ್ನನ್ನು ಬಿಸಿನೀರು ಕೇಳಿದರು. ಅಷ್ಟು ಹೊತ್ತು ದನಿ ಅಲ್ಲಾಡಿಸಿ ಗಂಟಲು ಕಟ್ಟಿಹೋಗಿತ್ತು.