ಗಿರಣಿಯ ಲೂಪು, ಅಕ್ಕನ ಮೊಣಕಾಲು

ಗಿರಣಿ ತೀರಿಕೊಂಡು ಎರಡು ತಿಂಗಳಾಯಿತು. ಆಸ್ಪತ್ರೆಯ ನೆಲಮಾಳಿಗೆಯ ದುರಸ್ತಿ ಕೋಣೆಯಲ್ಲಿ ಈಗ ಸ್ಕ್ರೂಡ್ರೈವರ್ ಕೆಳಗಿಟ್ಟರೂ ಸದ್ದು ಕೇಳಿಸುತ್ತದೆ. ಅವನಿದ್ದಾಗ ಸುತ್ತಿಗೆ ಬಡಿದರೂ ಕೇಳಿಸುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ಬಾಯಿ ತೆರೆದರೆ ಮುಚ್ಚದ ತಮ್ಮನಿಗೆ ಅಕ್ಕನೇ ಚಿಕ್ಕಂದಿನಲ್ಲಿ ಗಿರಣಿ ಎಂಬ ಹೆಸರು ಇಟ್ಟಿದ್ದಳು. “ಬೇರೆ ಗಿರಣಿ ಕಾಳು ಹಾಕಿದ್ರೆ ತಿರುಗುತ್ತೆ. ಇದು ಸುಮ್ಮನೆ ತಿರುಗುತ್ತೆ” ಎನ್ನುತ್ತಿದ್ದಳು.

ಮೂವತ್ತು ವರ್ಷ ಅವನು ಗಾಲಿಕುರ್ಚಿ, ಮಂಚದ ಮೋಟಾರು, ರಕ್ತದೊತ್ತಡ ಅಳೆಯುವ ಯಂತ್ರ ರಿಪೇರಿ ಮಾಡಿದ. ಮದುವೆಯಾಗಲಿಲ್ಲ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಇದ್ದ. ಐವತ್ತು ದಾಟಿದ ಮೇಲೆ ಪ್ರೋಗ್ರಾಮ್ ಬರೆಯುವ ಹುಚ್ಚು ಹತ್ತಿತು. ಹೇಳಿಕೊಳ್ಳುವಂಥ ಬದುಕೇನೂ ಅಲ್ಲ ಎಂದು ಅವನೇ ಹೇಳುತ್ತಿದ್ದ. ಅದು ಸುಳ್ಳು. ಅವನ ಬದುಕಿನಲ್ಲಿ ಹನ್ನೊಂದು ದಿನ ಇವೆ. ಆ ದಿನಗಳಲ್ಲಿ ಅವನನ್ನು ಕಂಡವರಿಗೆ ಅವನು ಇಲ್ಲ ಎನ್ನುವುದು ಇನ್ನೂ ಮನಸ್ಸಿಗೆ ಇಳಿದಿಲ್ಲ.

ಅಕ್ಕ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಒಂದೇ ರೂಟು. ಒಮ್ಮೆ ಡಿಪೋದಲ್ಲಿ ತೊಳೆದ ನೆಲದ ಮೇಲೆ ಜಾರಿ ಬಿದ್ದು ಬಲ ಮೊಣಕಾಲಿನ ಚಿಪ್ಪು ಒಡೆಯಿತು. ಆರು ವಾರ ಪಟ್ಟಿ ಕಟ್ಟಿ ಬಿಚ್ಚಿದಾಗ ಕಾಲು ಒಣಗಿದ ಕೊಂಬೆಯ ಹಾಗೆ ಬಿಗಿದುಕೊಂಡಿತ್ತು. ಐವತ್ತೈದು ಡಿಗ್ರಿಯಾಚೆ ಬಾಗದು.

“ತೊಂಬತ್ತು ಬಾಗದಿದ್ರೆ ಸ್ಟೀರಿಂಗ್ ಹಿಂದೆ ಕೂರೋಕಾಗಲ್ಲಮ್ಮ” ಎಂದರು ಡಾಕ್ಟರು. “ಈ ವಾರ ಬಿಟ್ಟು ಮುಂದಿನ ವಾರದ ಶುಕ್ರವಾರ ನೋಡ್ತೀನಿ. ಆಗಲೂ ಹೀಗೇ ಇದ್ರೆ ಮತ್ತು ಕೊಟ್ಟು ಬಲವಂತವಾಗಿ ಬಗ್ಗಿಸಬೇಕಾಗುತ್ತೆ.” ಅಕ್ಕನ ಹೃದಯ ಮೊದಲೇ ಅಷ್ಟು ಗಟ್ಟಿಯಲ್ಲ. ಮತ್ತಿನ ಮಾತು ಕೇಳಿ ಅವಳ ಮುಖ ಬಿಳುಚಿತು.

ಮೊಣಕಾಲನ್ನು ಮೆಲ್ಲಗೆ ಬಗ್ಗಿಸುವ ಯಂತ್ರ ಆಸ್ಪತ್ರೆಯಲ್ಲಿ ಎರಡು ಇದ್ದವು. ಒಂದಕ್ಕೆ ರೋಗಿಗಳ ಉದ್ದ ಸಾಲು. ಇನ್ನೊಂದರ ತಲೆ ಸುಟ್ಟುಹೋಗಿ ಗಿರಣಿಯ ಮೇಜಿನ ಕೆಳಗೆ ಬಿದ್ದಿತ್ತು. ಅವನು ಅದನ್ನು ಎಳೆದು ಹೊರತೆಗೆದ, ಸುಟ್ಟ ಬೋರ್ಡು ಕಿತ್ತೆಸೆದ, ಅಂಗೈಯಗಲದ ಒಂದು ಕಂಪ್ಯೂಟರ್ ಕೂರಿಸಿದ. ಸಂಜೆ ಅಡುಗೆಮನೆಗೆ ನುಗ್ಗಿದಾಗ ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು.

“ಅಕ್ಕಾ, ನಾಲ್ಕೇ ಮಾತು! ಎಲ್ಲಿಂದ ಶುರು? ಹತ್ತು ಡಿಗ್ರಿ. ಎಲ್ಲಿವರೆಗೆ? ತೊಂಬತ್ತು. ಪ್ರತಿ ಸುತ್ತಿಗೆ ಎಷ್ಟು ಸೇರಿಸ್ಬೇಕು? ಒಂದು. ಹೊರಗೆ ಏನು ಕೊಡ್ಬೇಕು? ಆ ಕೋನ. ಇಷ್ಟು ಹೇಳಿಬಿಟ್ರೆ ಲೂಪು, ಅದೇ ಪ್ರೋಗ್ರಾಮಲ್ಲಿ ಸುತ್ತು ಹೊಡೆಯೋ ಭಾಗ, ತಾನಾಗೇ ತಿರುಗಿ ಒಂದೊಂದೇ ಸಂಖ್ಯೆ ಹೊರಗೆ ಹರಿಸುತ್ತೆ. ಆ ಕಡೆ ಮೋಟಾರು ಕಿವಿಗೊಟ್ಟು ಕೂತಿರುತ್ತೆ. ಸಂಖ್ಯೆ ಬಂದ ಹಾಗೆ ಕಾಲು ಬಗ್ಗಿಸುತ್ತೆ. ಇನ್ನೊಂದು ಮಜಾ ಕೇಳು. ಕೇಳೋರೇ ಇಲ್ಲದಿದ್ರೆ ಈ ಲೂಪು ಬಾಯೇ ಬಿಡೋದಿಲ್ಲ!”

“ಹಾಗಾದ್ರೆ ನಿನಗಿಂತ ವಾಸಿ” ಎಂದಳು ಅಕ್ಕ.

ಮೊದಲ ಪರೀಕ್ಷೆಗೆ ಅವನು ದುರಸ್ತಿ ಕೋಣೆಯಲ್ಲಿ ತನ್ನ ಹಳೇ ಪ್ಯಾಂಟಿನ ಒಂದು ಕಾಲಿಗೆ ಮರಳು ತುಂಬಿ, ಎರಡೂ ತುದಿ ಹೊಲಿದು, ಯಂತ್ರಕ್ಕೆ ಕಟ್ಟಿದ. ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟೂ ಸಂಖ್ಯೆಗಳು ಒಟ್ಟಿಗೆ ಧುಮುಕಿದವು. ಮೋಟಾರು ಜಾಡಿಸಿ ಒದೆಯಿತು. ಮರಳಿನ ಕಾಲು ಹಾರಿ ಬೀರುವಿಗೆ ಬಡಿದು ಒಡೆಯಿತು.

“ಬಂತು! ಎಲ್ಲಾ ಬಂತು!” ಎಂದು ಗಿರಣಿ ಚಪ್ಪಾಳೆ ತಟ್ಟಿದ.

ಬಾಗಿಲಲ್ಲಿ ಫಿಸಿಯೋ ಮೇಡಂ ನಿಂತಿದ್ದರು. ರೋಗಿಗಳಿಗೆ ವ್ಯಾಯಾಮ ಮಾಡಿಸುವ ಅವರ ಒಪ್ಪಿಗೆಯಿಲ್ಲದೆ ಯಾವ ಯಂತ್ರವೂ ಮೇಲಿನ ವಾರ್ಡಿಗೆ ಹೋಗುವಂತಿರಲಿಲ್ಲ.

“ಅದು ನಿಮ್ಮ ಅಕ್ಕನ ಕಾಲಾಗಿದ್ರೆ, ಗಿರಣಿಯವರೇ?”

ಅವನ ಚಪ್ಪಾಳೆ ಅಲ್ಲೇ ನಿಂತಿತು. ನೆಲದ ಮರಳು ಗುಡಿಸಿ ಮತ್ತೆ ಕೂತ. ಪ್ರತಿ ಸುತ್ತಿನ ನಡುವೆ ಎರಡು ಸೆಕೆಂಡು ಕಾಯುವಂತೆ ಲೂಪಿಗೆ ಹೇಳಿದ. ಮರುದಿನ ಯಂತ್ರ ಬಸವನಹುಳುವಿನ ಹಾಗೆ ಮೆಲ್ಲಗೆ ಬಾಗತೊಡಗಿತು. ಮೇಡಂ ತಲೆಯಾಡಿಸಿದರು. ರೋಗಿಯ ಕೈಗೆ ಕೊಡುವ ಕೆಂಪು ಗುಂಡಿಯ ಮೇಲೆ ಅವನೇ ‘ಸಾಕು’ ಎಂದು ಬರೆದಿದ್ದ. ಮೇಡಂ ಅದನ್ನು ಒತ್ತಿದರು. ಯಂತ್ರ ಬಾಗುತ್ತಲೇ ಇತ್ತು. ಮತ್ತೆ ಒತ್ತಿದರು. ಬಾಗುತ್ತಲೇ ಇತ್ತು. ಕೊನೆ ಮುಟ್ಟಿದ ಮೇಲೆ ಪರದೆಯಲ್ಲಿ ಸಾವಕಾಶವಾಗಿ ‘ನಿಲ್ಲಿಸಲಾಗಿದೆ’ ಎಂದು ಬಂತು.

“ಊರು ಸುಟ್ಟ ಮೇಲೆ ಬಾವಿ ತೋಡಿದ ಹಾಗಾಯ್ತು” ಎಂದರು ಮೇಡಂ. “ಇದನ್ನ ಯಾರ ಕಾಲಿಗೂ ಕಟ್ಟೋಕೆ ನಾನು ಬಿಡಲ್ಲ.”

ನಾಲ್ಕು ದಿನ ಹೋದವು. ಗುಂಡಿ ಬದಲಿಸಿದ, ತಂತಿ ಬದಲಿಸಿದ, ಏನೂ ಆಗಲಿಲ್ಲ. ಐದನೆಯ ಬೆಳಿಗ್ಗೆ ಅಕ್ಕ ಬಿಗಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಗಿರಣಿ ಎದುರು ನಿಂತು ತಂತಿಯ ಪುರಾಣ ಶುರು ಮಾಡಿದ. ಅದು ಗುಂಡಿಗೆ ಹೋಯಿತು, ಗುಂಡಿಯಿಂದ ಬೋರ್ಡಿಗೆ, ಬೋರ್ಡಿನಿಂದ ಅದನ್ನು ಮಾಡಿದವರ ವಂಶಕ್ಕೆ. ಇದ್ದಕ್ಕಿದ್ದಂತೆ ಅಕ್ಕ ಊರುಗೋಲು ಎತ್ತಿ ನೆಲಕ್ಕೆ ಕುಟ್ಟಿದಳು.

“ಮೂರು ಸಲ ಸಾಕು ಅಂದೆ ಕಣೋ!”

“ಯಾವಾಗ? ನನಗೆ ಕೇಳಿಸ್ಲೇ ಇಲ್ಲ.”

“ನೀನು ಉಸಿರು ತಗೊಂಡ್ರೆ ತಾನೇ ಕೇಳಿಸೋದು?”

ಗಿರಣಿ ಥಟ್ಟನೆ ಅಕ್ಕನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, “ಅಕ್ಕಾ, ನೀನು ದೇವತೆ!” ಎಂದು ಕೂಗಿ ಹೊರಗೆ ಓಡಿದ. ಅವನ ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅಕ್ಕನದು. ದಾರಿಯಲ್ಲಿ ನಕ್ಕವರಿಗೆ ಅವನೂ ನಕ್ಕ.

ತಪ್ಪು ತಂತಿಯಲ್ಲಿ ಇರಲಿಲ್ಲ. ಅವನ ಲೂಪು ಎರಡು ಸೆಕೆಂಡು ಕಾಯುತ್ತಿತ್ತು ನಿಜ. ಆದರೆ ಕಾಯುವಾಗಲೂ ಬಾಗಿಲಿಗೆ ಅಡ್ಡವಾಗಿ ನಿಂತೇ ಕಾಯುತ್ತಿತ್ತು. ಕಂಪ್ಯೂಟರಿನ ಒಳಗೆ ಕೆಲಸ ಮಾಡುವವನು ಒಬ್ಬನೇ, ಅವನನ್ನು ಲೂಪು ಬಿಡುತ್ತಿರಲಿಲ್ಲ. ‘ಸಾಕು’ ಪಾಪ ಹೊಸ್ತಿಲಾಚೆ ಸರದಿಯಲ್ಲಿ ನಿಂತಿರುತ್ತಿತ್ತು. ಗಿರಣಿ ಲೂಪನ್ನು ಗಡಿಯಾರದ ಕೈಗೆ ಒಪ್ಪಿಸಿದ. ಈಗ ಅದು ಒಂದು ಸಂಖ್ಯೆ ಕೊಟ್ಟು ಆಚೆ ಹೋಗಬೇಕು. ಎರಡು ಸೆಕೆಂಡಾದ ಮೇಲೆ ಗಡಿಯಾರ ಕರೆದರೆ ಮಾತ್ರ ಒಳಗೆ ಬರಬೇಕು. ಅಷ್ಟರಲ್ಲಿ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಸಾಕು ಎನ್ನಬಹುದು. ತೆಗೆದದ್ದು ಹತ್ತು ಸಾಲು, ಬರೆದದ್ದು ಎರಡೇ ಸಾಲು. ಕುರ್ಚಿಯಲ್ಲಿ ಕೂತೇ ಅವನು ಕುಣಿದ.

ಮೇಡಂ ಮೊದಲು ತಮ್ಮ ಕಾಲನ್ನೇ ಕಟ್ಟಿಸಿಕೊಂಡರು. ಇಪ್ಪತ್ತಮೂರಕ್ಕೆ ಒತ್ತಿದರು, ನಿಂತಿತು. ನಲವತ್ತೊಂದಕ್ಕೆ ಒತ್ತಿದರು, ನಿಂತಿತು. ಮಾತಾಡುತ್ತಾ ಒತ್ತಿದರು, ಸೀನಿದಂತೆ ನಟಿಸಿ ಒತ್ತಿದರು. ಹದಿನೇಳು ಸಲವೂ ಅಲ್ಲೇ ನಿಂತು ಮೆಲ್ಲಗೆ ಹಿಂದೆ ಬಂತು.

“ಕರ್ಕೊಂಡ್ ಬನ್ನಿ ನಿಮ್ಮ ಅಕ್ಕನ್ನ.”

ಮೊದಲ ದಿನ ಐವತ್ತೆಂಟಕ್ಕೆ ಅಕ್ಕ ಹಲ್ಲು ಕಚ್ಚಿ ಗುಂಡಿ ಒತ್ತಿದಳು. ಮತ್ತೆ ಶುರು ಮಾಡಿದರೆ ಯಂತ್ರ ಪುನಃ ಹತ್ತರಿಂದ ಎಣಿಸಿತು.

“ಇದೇನೋ, ಮತ್ತೆ ಒಂದನೇ ಸ್ಟಾಪಿಂದ?”

“ಹೊಸದಾಗಿ ಕೇಳಿದ್ರೆ ಅದು ಹೊಸದಾಗೇ ಹುಟ್ಟುತ್ತೆ ಅಕ್ಕಾ.”

“ಒಳ್ಳೇದೇ ಆಯ್ತು” ಎಂದರು ಮೇಡಂ. “ಬಿಗಿದ ಕಾಲನ್ನ ಮೊದಲಿಂದಲೇ ರಮಿಸ್ಬೇಕು.”

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅರವತ್ತಾರು. ಎಪ್ಪತ್ತೊಂದು. ಎಪ್ಪತ್ತೇಳು. ಅಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ಡಿಪೋದ ಬೈಗುಳ ಬರುತ್ತಿತ್ತು. ಗುರುವಾರ ಸಂಜೆ ಎಂಬತ್ತನಾಲ್ಕು.

ಶುಕ್ರವಾರ ಡಾಕ್ಟರು ಹನ್ನೊಂದಕ್ಕೆ ಬರುವವರು. ಹತ್ತೂವರೆಗೆ ಅಕ್ಕನ ಕಾಲು ಕಟ್ಟಿದರು. ಎಂಬತ್ತೈದು. ಎಂಬತ್ತಾರು. ಅವಳ ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಗಿರಣಿ ಗೋಡೆಗೆ ಒರಗಿ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಎಂಬತ್ತೆಂಟು. ಎಂಬತ್ತೊಂಬತ್ತು.

ಯಂತ್ರ ತಾನಾಗಿ ನಿಂತುಬಿಟ್ಟಿತು.

“ಯಾಕೋ ನಿಲ್ಲಿಸ್ದೆ?” ಅಕ್ಕ ಚೀರಿದಳು. “ನಾನು ಸಾಕು ಅಂದ್ನಾ?”

“ನಾನಲ್ಲ ಅಕ್ಕಾ!” ಗಿರಣಿ ಪರದೆ ನೋಡಿದ, ಹಣೆ ಹಣೆ ಚಚ್ಚಿಕೊಂಡ. “ತೊಂಬತ್ತಕ್ಕಿಂತ ಕಡಿಮೆ ಇರೋವರೆಗೆ ತಿರುಗು ಅಂತ ಬರೆದುಬಿಟ್ಟಿದ್ದೀನಿ. ತೊಂಬತ್ತು ಬಂದ್ರೆ ಒಳಗೇ ಬಿಡಲ್ಲ ಅದು.” ಮರಳಿನ ಕಾಲಿಗೆ ಕೋನ ಅಳೆದು ನೋಡಿದವರು ಯಾರು? ಮೇಡಂ ಪ್ರತಿ ಸಲವೂ ನಡುವೆಯೇ ನಿಲ್ಲಿಸಿದ್ದರು.

“ಒಂದು ಡಿಗ್ರಿಗೆ ನನ್ನ ಬಸ್ಸು ಕಳೀತೀಯೇನೋ? ತಿದ್ದು!”

“ಮತ್ತೆ ಹತ್ತರಿಂದ ಬರ್ಬೇಕು. ನೋವಾಗುತ್ತೆ.”

“ಬರ್ತೀನಿ. ನಿನಗೇನೋ ನೋವು?”

‘ಕಡಿಮೆ’ ಚಿಹ್ನೆಯ ಪಕ್ಕ ಒಂದು ಸಮ ಚಿಹ್ನೆ ಸೇರಿಸಿದ, ಈಗ ತೊಂಬತ್ತನ್ನೂ ಒಳಗೆ ಬಿಡುತ್ತದೆ. ಅಷ್ಟೇ. ಹತ್ತು, ಹನ್ನೊಂದು, ಹನ್ನೆರಡು. ಎಪ್ಪತ್ತನಾಲ್ಕರಲ್ಲಿ ಡಾಕ್ಟರು ಒಳಗೆ ಬಂದರು. ಮೇಡಂ ಅವರಿಗೆ ಕೈಸನ್ನೆಯಲ್ಲೇ ನಿಲ್ಲಲು ಹೇಳಿದರು. ಎಂಬತ್ತೊಂಬತ್ತು. ತೊಂಬತ್ತು.

ಡಾಕ್ಟರು ಬಗ್ಗಿ ತಮ್ಮ ಅಳತೆಪಟ್ಟಿಯನ್ನು ಮೊಣಕಾಲಿಗೆ ಹಿಡಿದರು. “ಸರಿಯಾಗಿದೆ. ಮತ್ತು ಕೊಡೋದೂ ಬೇಡ, ಏನೂ ಬೇಡ.”

“ಹಾಗಾದ್ರೆ ಮುಂದಿನ ವಾರ ಡಿಪೋಗೆ ಹೋಗ್ಲಾ ಸಾರ್?”

“ಮುಂದಿನ ತಿಂಗಳು ನೋಡೋಣಮ್ಮ.”

ಮುಂದಿನ ತಿಂಗಳು ಡಾಕ್ಟರು ಒಪ್ಪಿದರು. ಮರುದಿನವೇ ಬೆಳಗಿನ ಮೊದಲ ಟ್ರಿಪ್ಪಿಗೆ ಅಕ್ಕ ಬಸ್ಸು ಹೊರಡಿಸಿದಳು. ಗಿರಣಿ ರಜೆ ಹಾಕಿ, ಟಿಕೆಟ್ ಕೊಂಡು, ಅವಳ ಬಲಗಾಲು ಕಾಣುವ ಸೀಟು ಹಿಡಿದು, ಕೊನೆಯ ಸ್ಟಾಪಿನವರೆಗೂ ಹೋದ. ಅಲ್ಲಿ ಇಳಿಯಲಿಲ್ಲ. ಇನ್ನೊಂದು ಟಿಕೆಟ್ ಕೊಂಡ.